ಅಮ್ಮನ ಹನಿಮದ್ದು

ಆಗ ನಾನು ಆಲ್ದೂರಿನಿಂದ ಮೂರು ಮೈಲಿ ದೂರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ಲಿನ ಕಾಲದಲ್ಲಿ ಹಣ್ಣಿನ ಬುಟ್ಟಿಗಳನ್ನು ಅಳೆಸುವುದು, ಧಣಿಗಳ ಕಾಗದಪತ್ರ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಆಲ್ದೂರಿನ ಒಂದು ಬಾಡಿಗೆ ಮನೆಯಲ್ಲಿ ಅಪ್ಪಯ್ಯ, ಅಮ್ಮ, ನಾನು ಮೂವರೇ ಇದ್ದೆವು.

ಅಪ್ಪಯ್ಯ ಮೂವತ್ತು ವರ್ಷ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸವೆಂದರೆ ಸುತ್ತಲಿನ ಎಸ್ಟೇಟುಗಳ ಕೂಲಿ ಲೈನುಗಳಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ ಹೋಗಿ, ಕುಡಿಯಬೇಡಿ ಎಂದು ಹೇಳುವುದು. ಸಂಜೆ ಐದಕ್ಕೆ ಛತ್ರಿ ಹಿಡಿದು ಹೊರಟರೆ ಏಳಕ್ಕೆ ತಿರುಗಿ ಬರುವರು. ಭಾಷಣ ಮಾಡುತ್ತಿರಲಿಲ್ಲ. ಲೈನಿನ ಜಗಲಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ, ಕೈ ಮುಂದೆ ಚಾಚಿ ಭಾಷೆ ತೆಗೆದುಕೊಳ್ಳುತ್ತಿದ್ದರು. ಅವರ ಕೈಯ ಮೇಲೆ ಕೈಯಿಟ್ಟು ಸಾರಾಯಿ ಬಿಟ್ಟ ಗಂಡಸರು ನಮ್ಮ ಕಡೆ ನಿಜವಾಗಿಯೂ ಇದ್ದರು. ಅವರ ಹೆಂಡತಿಯರು ದಾರಿಯಲ್ಲಿ ಅಪ್ಪಯ್ಯನನ್ನು ಕಂಡರೆ ತಲೆಯ ಮೇಲಿನ ಹೊರೆ ಇಳಿಸಿ ಕೈ ಮುಗಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆದರೆ ಭಾಷೆ ಮುರಿದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ನಮ್ಮ ಎಸ್ಟೇಟಿನಲ್ಲಿ ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಚೀಲಗಳನ್ನು ಚಿಕ್ಕಮಗಳೂರಿಗೆ ಹೊಡೆಯುತ್ತಿದ್ದ ಗಾಡಿಯವನೊಬ್ಬ ಭಾಷೆ ಕೊಟ್ಟು ಒಂದು ವರ್ಷ ಚೆನ್ನಾಗಿದ್ದು, ಸಂತೆಯ ದಿನ ಕುಡಿದುಬಿಟ್ಟ. ಮುಂದಿನ ಭಾನುವಾರ ಲೈನಿನ ಜಗಲಿಯಲ್ಲಿ ಎಲ್ಲರೂ ಕೂತಿರುವಾಗ ಅಪ್ಪಯ್ಯ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಗದರಲಿಲ್ಲ. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ದನಿಯಲ್ಲೇ, “ಎಲ್ಲಿ ಕುಡಿದೆ, ಎಷ್ಟು ಕುಡಿದೆ, ಯಾರ ಜೊತೆ ಕುಡಿದೆ, ಎಲ್ಲ ನೀನೇ ಹೇಳು” ಎಂದರು. ಅವನು ಹೇಳಿದ. ಅವನ ಹೆಂಡತಿ, ಬೆಳೆದ ಮಗಳು ಅಲ್ಲೇ ಕೂತಿದ್ದರು. ಹೇಳಿ ಮುಗಿಸಿದಾಗ ಆ ಮನುಷ್ಯನ ಮುಖ ಹೇಗಿತ್ತೆಂದರೆ, ನಾನು ನೋಡಲಾರದೆ ಎದ್ದು ಆಚೆ ಹೋದೆ. ಆಮೇಲೆ ಅವನು ಕುಡಿಯಲಿಲ್ಲ, ಅದೂ ನಿಜ.

ನಮ್ಮ ಮನೆಗೆ ಸೀಸೆಯ ಮದ್ದು ಬರುತ್ತಿರಲಿಲ್ಲ. ಇಂಗ್ಲಿಷ್ ಮದ್ದನ್ನೆಲ್ಲ ಸ್ಪಿರಿಟ್ಟಿನಲ್ಲಿ ಇಳಿಸುತ್ತಾರೆ, ಅದೂ ಸಾರಾಯಿಯ ತಮ್ಮನೇ ಎಂದು ಅಪ್ಪಯ್ಯ ನಂಬಿದ್ದರು. ಒಮ್ಮೆ ನಾನು ಕೆಮ್ಮಿಗೆಂದು ತಂದ ಸೀಸೆಯನ್ನು ಮೂಸಿ ನೋಡಿ, ಅಂಗಳಕ್ಕೆ ಇಳಿದು ಪೂರ್ತಿ ಚೆಲ್ಲಿ, ಸೀಸೆಯನ್ನು ತೊಳೆದು ನನ್ನ ಕೈಗೆ ಕೊಟ್ಟಿದ್ದರು. “ನಾನು ಊರಿಗೆಲ್ಲ ಹೇಳೋದೊಂದು, ನಮ್ಮನೇಲಿ ನಡೆಯೋದೊಂದು ಆಗಬಾರ್ದು” ಎಂದಿದ್ದರು.

ಯುದ್ಧದ ಕಾಲ. ಎರಡನೆಯ ಮಳೆಗಾಲ ಮುಗಿದಾಗ ಅಮ್ಮನ ಕಾಲು ಬಾತುಕೊಂಡವು. ಹಿತ್ತಲಿನಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳು. ಅಪ್ಪಯ್ಯ ಹೊಳೆಮತ್ತಿಯ ಚಕ್ಕೆ ತರಿಸಿ ಹಾಲಿನಲ್ಲಿ ಕಷಾಯ ಕಾಯಿಸಿ ಕೊಟ್ಟರು. ಎದೆಗೆ ಅದು ಒಳ್ಳೆಯದೆಂದು ಅವರ ತಂದೆಯ ಕಾಲದಿಂದ ನಂಬಿಕೆ. ಒಂದು ತಿಂಗಳಾದರೂ ಬಾವು ಇಳಿಯಲಿಲ್ಲ.

ನಮ್ಮ ಎಸ್ಟೇಟಿನ ಡಿಸ್ಪೆನ್ಸರಿಗೆ ವಾರಕ್ಕೊಮ್ಮೆ ಒಬ್ಬರು ಡಾಕ್ಟರು ಬರುತ್ತಿದ್ದರು. ಅಪ್ಪಯ್ಯ ಸಂಬಂಧಿಕರ ಮದುವೆಗೆಂದು ಕಳಸಕ್ಕೆ ಹೋಗಿದ್ದಾಗ ನಾನು ಅವರನ್ನು ಮನೆಗೆ ಕರೆದುಕೊಂಡು ಬಂದೆ. ಅವರು ಅಮ್ಮನ ಎದೆಗೆ ಕೊಳವೆಯಿಟ್ಟು ತುಂಬ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆ, ಬಡಿತ ತಾಳ ತಪ್ಪಿದೆ ಎಂದರು. ಮಾರನೆಯ ದಿನ ಒಂದು ಪುಟ್ಟ ಕಂದು ಸೀಸೆ ಕೊಟ್ಟರು. ಟಿಂಚರ್ ಡಿಜಿಟಾಲಿಸ್ ಎಂದು ಅದರ ಮೇಲೆ ಬರೆದಿತ್ತು.

“ಬೆಳಿಗ್ಗೆ ಹತ್ತು ಹನಿ, ಸಂಜೆ ಹತ್ತು ಹನಿ, ನೀರಲ್ಲಿ. ಕೊಡೋಕೆ ಮುಂಚೆ ನಾಡಿ ಎಣಿಸ್ಬೇಕು. ನಿಮಿಷಕ್ಕೆ ಅರವತ್ತಕ್ಕಿಂತ ಕಡಿಮೆ ಇದ್ರೆ ಕೊಡ್ಬೇಡಿ. ಇದು ಒಳ್ಳೇ ಮದ್ದೂ ಹೌದು, ವಿಷವೂ ಹೌದು. ನಡುವೆ ಅಂತರ ಭಾಳ ಕಡಿಮೆ” ಎಂದರು.

“ಇದರಲ್ಲಿ ಸ್ಪಿರಿಟ್ ಇದ್ಯಾ ಡಾಕ್ಟ್ರೇ?” ಎಂದೆ.

“ಇಲ್ದೆ ಏನು? ಸ್ಪಿರಿಟ್ಟಲ್ಲೇ ಇಳಿಸೋದು.”

ಮನೆಗೆ ಬಂದು ಅಮ್ಮನಿಗೆ ಅದನ್ನು ಹೇಳಿದೆ. ಅವಳು ಸೀಸೆಯನ್ನು ಕೈಯಲ್ಲಿ ಹಿಡಿದು ನೋಡಿ, “ಅವ್ರಿಗೆ ಹೇಳ್ಬೇಡ ಮಗಾ” ಎಂದಳು. ನಾನೂ ಅದೇ ಮಾತನ್ನು ಕಾಯುತ್ತಿದ್ದೆ. ಇಂದಿಗೂ ನಾನು ಯೋಚಿಸುವುದುಂಟು: ಅವಳು ಬಾಯಿಬಿಟ್ಟು ಹಾಗೆ ಹೇಳದಿದ್ದರೆ ನಾನು ಅಪ್ಪಯ್ಯನಿಗೆ ಹೇಳುತ್ತಿದ್ದೆನೇ? ಇಲ್ಲ. ಹೇಳುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪಯ್ಯ ಸ್ನಾನಕ್ಕೆ ಹೋದಾಗ ಒಮ್ಮೆ, ಸಂಜೆ ಅವರು ಲೈನುಗಳಿಗೆ ಹೋದಾಗ ಒಮ್ಮೆ. ಅಡಿಗೆಮನೆಯ ಹುಣಸೆಹಣ್ಣಿನ ಮಡಕೆಯ ಹಿಂದೆ ಸೀಸೆ ಇರುತ್ತಿತ್ತು. ನಾನು ಕೈಗಡಿಯಾರ ನೋಡಿಕೊಂಡು ಅಮ್ಮನ ಮಣಿಕಟ್ಟು ಹಿಡಿದು ಎಣಿಸಿ, ಲೋಟದ ನೀರಿಗೆ ಹತ್ತು ಹನಿ ಬಿಡುತ್ತಿದ್ದೆ. ಅವಳು ಒಂದೇ ಗುಟುಕಿಗೆ ಕುಡಿದು ಬಾಯಿ ವಾಸನೆ ಹೋಗಲೆಂದು ಎರಡು ಲವಂಗ ಅಗಿಯುವಳು. ಮೊದಲ ವಾರ ಕಳೆಯುವಷ್ಟರಲ್ಲಿ ಬಾವು ಇಳಿಯಿತು. ಎರಡನೆಯ ವಾರ ಅಮ್ಮ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದಳು. ದೀಪಾವಳಿಗೆ ತಾನೇ ಹೋಳಿಗೆ ಮಾಡಿದಳು.

ಅಪ್ಪಯ್ಯನಿಗೆ ಆದ ಸಂತೋಷ ಹೇಳತೀರದು. ಹೊಳೆಮತ್ತಿ ಕಷಾಯದ ಗುಣವನ್ನು ಕಂಡಕಂಡವರಿಗೆಲ್ಲ ವರ್ಣಿಸಿದರು. “ಸಾರಾಯಿ ಸೀಸೆ ಇಲ್ದೆ ಎದೆ ಕಾಯಿಲೆ ವಾಸಿಯಾಗಲ್ಲ ಅಂತಾರಲ್ಲ, ನೋಡು ಬಾ ಮಾರಾಯ ನಮ್ಮನೇಲಿ” ಎನ್ನುವರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದೆ. ಅಷ್ಟು ತಿಂಗಳು ತಲೆಯಾಡಿಸಿದ್ದರಿಂದಲೇ ಆಮೇಲೆ ಸುಳ್ಳು ಹೇಳುವುದು ನನಗೆ ಸುಲಭವಾಯಿತು.

ಒಂದು ವರ್ಷ ಹೀಗೆ ನಡೆಯಿತು. ಆ ಡಾಕ್ಟರು ಸೈನ್ಯದ ಆಸ್ಪತ್ರೆಗೆ ಸೇರಿಕೊಂಡು ಹೊರಟುಹೋದರು. ಹೋಗುವ ಮೊದಲು ಎರಡು ದೊಡ್ಡ ಸೀಸೆ ಮದ್ದು ಕೊಟ್ಟು, “ಬೇರೆ ಯಾವ ಡಾಕ್ಟರಿಗೆ ತೋರಿಸಿದ್ರೂ ಈ ಮದ್ದಿನ ಹೆಸರನ್ನ ಮೊದಲು ಹೇಳಿ. ಮರೀಬೇಡಿ” ಎಂದರು. ಅವರ ಮಾತು ಇಷ್ಟು ಸ್ಪಷ್ಟವಾಗಿ ನನಗೆ ನೆನಪಿರುವುದರಿಂದ, ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಮ್ಮನಿಗೆ ಮತ್ತೆ ಆಯಾಸ ಶುರುವಾಯಿತು. ಅಪ್ಪಯ್ಯನ ಹಳೆಯ ಶಿಷ್ಯರೊಬ್ಬರು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಅಪ್ಪಯ್ಯ ಅವರಿಗೆ ಕಾಗದ ಬರೆಸಿದರು; ಬರೆದವನು ನಾನೇ. ಉತ್ತರ ಬಂತು: ನಮ್ಮಲ್ಲಿ ಹೃದಯದ ಬಡಿತವನ್ನು ಪಟ್ಟಿಯ ಮೇಲೆ ಬರೆಯುವ ಯಂತ್ರವಿದೆ, ಅಮ್ಮನವರನ್ನು ಕರೆದುಕೊಂಡು ಬನ್ನಿ. ಶಿಷ್ಯ ಎಂಬ ಒಂದೇ ಕಾರಣಕ್ಕೆ ಅಪ್ಪಯ್ಯ ಒಪ್ಪಿದರು.

ಪೆಟ್ರೋಲ್ ಸಿಗದ ಕಾಲ. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಪ್ರತಿ ಏರಿನಲ್ಲೂ ಕೆಮ್ಮುತ್ತ ನಿಲ್ಲುತ್ತಿತ್ತು. ಆಲ್ದೂರಿನಿಂದ ಚಿಕ್ಕಮಗಳೂರು, ಅಲ್ಲಿಂದ ಕಡೂರು, ಕಡೂರಿನಲ್ಲಿ ರೈಲು. ಬೆಂಗಳೂರು ಮುಟ್ಟುವ ಹೊತ್ತಿಗೆ ಅಮ್ಮನ ಕಾಲು ಮತ್ತೆ ಊದಿ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಛತ್ರದಲ್ಲಿ ಇಳಿದೆವು. ಬೆಳಿಗ್ಗೆ ಅಪ್ಪಯ್ಯ ನಲ್ಲಿಯ ಬಳಿ ಹೋದಾಗ ನಾನು ಎಂದಿನಂತೆ ಹತ್ತು ಹನಿ ಕೊಟ್ಟು ಸೀಸೆಯನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ಡಾಕ್ಟರು ನಲವತ್ತರ ಆಸುಪಾಸಿನವರು. ಅಪ್ಪಯ್ಯನನ್ನು ಕಂಡೊಡನೆ ಕುರ್ಚಿಯಿಂದೆದ್ದು ಕಾಲು ಮುಟ್ಟಿ ನಮಸ್ಕರಿಸಿದರು. ಅಮ್ಮನನ್ನು ಪರೀಕ್ಷೆ ಮಾಡಿ, ಎದುರಿಗೆ ಕೂತು ಕೇಳಿದರು:

“ಮೇಷ್ಟ್ರೇ, ಯಂತ್ರಕ್ಕೆ ಹಾಕೋಕೆ ಮುಂಚೆ ಒಂದು ಮಾತು ಸರಿಯಾಗಿ ಗೊತ್ತಾಗ್ಬೇಕು. ಈ ಒಂದೆರಡು ತಿಂಗಳಲ್ಲಿ ಅಮ್ಮನವರಿಗೆ ಎದೆಗೆ ಅಂತ ಯಾವುದಾದ್ರೂ ಇಂಗ್ಲಿಷ್ ಮದ್ದು ಕೊಟ್ಟಿದ್ದೀರಾ?”

“ಇಲ್ಲಪ್ಪ. ಹೊಳೆಮತ್ತಿ ಕಷಾಯ ಒಂದೇ” ಎಂದರು ಅಪ್ಪಯ್ಯ.

“ಹನಿ, ಮಾತ್ರೆ, ಪುಡಿ, ಯಾವುದೂ ಇಲ್ವಾ? ಯಾಕೆ ಕೇಳ್ತೀನಿ ಅಂದ್ರೆ, ಎದೆಗೆ ಕೊಡೋ ಕೆಲವು ಮದ್ದು ಈ ಯಂತ್ರದ ಬರಹವನ್ನೇ ಬದಲಾಯಿಸಿಬಿಡ್ತಾವೆ. ಮದ್ದು ಮಾಡಿದ ಗುರುತನ್ನ ನಾನು ಕಾಯಿಲೆಯ ಗುರುತು ಅಂತ ಓದಿಬಿಟ್ರೆ ಚಿಕಿತ್ಸೆಯೇ ತಪ್ಪಾಗ್ತದೆ.”

“ನಮ್ಮನೆಗೆ ಸೀಸೆ ಬರಲ್ಲ ಅಂತ ನಿಂಗೊತ್ತಲ್ಲ” ಎಂದು ಅಪ್ಪಯ್ಯ ನಕ್ಕರು. ನನ್ನ ಕಡೆ ತಿರುಗಿ, “ಅಲ್ವೇನೋ?” ಎಂದರು.

ಡಾಕ್ಟರು ನನ್ನನ್ನು ನೋಡಿದರು. ಅಮ್ಮ ನನ್ನನ್ನು ನೋಡಲಿಲ್ಲ, ಸೆರಗಿನ ಅಂಚನ್ನು ನೋಡುತ್ತಿದ್ದಳು. ನನಗೆ ಆ ಗಾಡಿಯವನು ಎದ್ದು ನಿಂತದ್ದು ಕಣ್ಣಿಗೆ ಬಂತು. ಸೀಸೆ ನನ್ನ ಎದೆಗೆ ಒತ್ತುತ್ತಿತ್ತು.

“ಇಲ್ಲ” ಎಂದೆ.

ಯಂತ್ರದ ಕೋಣೆಗೆ ಅಮ್ಮನನ್ನು ಕರೆದುಕೊಂಡು ಹೋದರು. ಅವಳು ಹೆದರಿದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಎರಡು ಕೈಗೂ ಎಡಗಾಲಿಗೂ ಲೋಹದ ತಗಡು ಕಟ್ಟಿದರು. “ಕರೆಂಟು ಹೊಡೀತದಾ ಮಗಾ?” ಎಂದು ಅಮ್ಮ ಪಿಸುಗುಟ್ಟಿದಳು. ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಏನೋ ಗುಂಯ್‌ಗುಟ್ಟಿತು, ಅಷ್ಟೇ. ಬರಹ ಬಿದ್ದ ಪಟ್ಟಿಯನ್ನು ಫೋಟೋದಂತೆ ಕತ್ತಲೆಕೋಣೆಯಲ್ಲಿ ತೊಳೆದು ಒಣಗಿಸಬೇಕಿತ್ತು. ಮಧ್ಯಾಹ್ನದವರೆಗೆ ಕಾದೆವು.

ಡಾಕ್ಟರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಪ್ಪಯ್ಯನಿಗೆ ತೋರಿಸಿದರು. ಗುರುಗಳಿಗೆ ಪಾಠ ಒಪ್ಪಿಸುವ ವಿನಯ ಅವರ ದನಿಯಲ್ಲಿತ್ತು.

“ಈ ಮೊನಚು ಇದೆಯಲ್ಲ, ಅದು ಒಂದು ಬಡಿತ. ಬಡಿತ ಆದ್ಮೇಲೆ ಗೆರೆ ನೆಟ್ಟಗೆ ಹೋಗ್ಬೇಕು. ಅಮ್ಮನವರದ್ದು ನೋಡಿ, ತೊಟ್ಟಿಲ ಜೋಲಿ ಹಂಗೆ ಕೆಳಗೆ ಬಾಗಿದೆ. ಎಲ್ಲ ಬಡಿತದಲ್ಲೂ ಹಂಗೇ.” ಪಟ್ಟಿಯನ್ನು ಇಳಿಸಿ, “ಡಿಜಿಟಾಲಿಸ್ ಅಂತ ಒಂದು ಮದ್ದು ತಗೊಳ್ಳೋರಲ್ಲಿ ಹಿಂಗೇ ಕಾಣ್ತದೆ. ಅವರು ತಗೊಂಡಿಲ್ಲ ಅಂತೀರಿ. ಹಂಗಾದ್ರೆ ಹೃದಯದ ಮಾಂಸವೇ ಸೊರಗಿದೆ ಅಂತ ಅರ್ಥ ಮೇಷ್ಟ್ರೇ. ಕವಾಟ ಒಂದೇ ಅಲ್ಲ” ಎಂದರು.

“ಎಷ್ಟು ದಿನ?” ಎಂದರು ಅಪ್ಪಯ್ಯ.

“ದಿನ ಹೇಳೋಕಾಗಲ್ಲ. ಒಂದು ವರ್ಷ ಸಿಕ್ಕಿದ್ರೆ ದೊಡ್ಡದು.”

ಅಪ್ಪಯ್ಯ ಪಟ್ಟಿಯನ್ನು ತಾವೇ ಕೈಗೆ ತೆಗೆದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ಅವರಿಗೆ ಅದೇನೂ ತಿಳಿಯುವಂತಿರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ.

ಆಗ ನಾನು ಬಾಯಿ ಬಿಡಬಹುದಿತ್ತು. ಮದ್ದಿನ ಹೆಸರನ್ನು ಡಾಕ್ಟರೇ ಹೇಳಿದ್ದರು. ಸೀಸೆ ತೆಗೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ನಾನು ಏನು ಮಾಡಿದೆ? ನೆಲ ನೋಡುತ್ತ ನಿಂತೆ. ಒಮ್ಮೆ ಇಲ್ಲ ಎಂದವನು ಈಗ ಹೌದೆಂದರೆ, ಸೀಸೆಯ ವಿಷಯಕ್ಕಿಂತ ಸುಳ್ಳಿನ ವಿಷಯ ದೊಡ್ಡದಾಗುತ್ತಿತ್ತು.

ಅದಕ್ಕಿಂತ ಕೀಳಾದದ್ದನ್ನೂ ಹೇಳಬೇಕು. ಅಮ್ಮನನ್ನು ವಾರ್ಡಿನಲ್ಲಿ ಮಲಗಿಸಿಕೊಂಡರು. ಉಸಿರಾಟದ ತೊಂದರೆ ಬೇಗ ಇಳಿಯಬೇಕು, ಮದ್ದು ಹೊಸದಾಗಿ ಶುರು ಮಾಡುವುದರಿಂದ ಮೊದಲು ದೊಡ್ಡ ಪ್ರಮಾಣದಲ್ಲೇ ಕೊಡಬೇಕು ಎಂದು ಡಾಕ್ಟರು ನರ್ಸಮ್ಮನಿಗೆ ಹೇಳುತ್ತಿದ್ದರು. ನಾನು ಬಾಗಿಲ ಬಳಿಯೇ ಇದ್ದೆ. ಡಿಜಿಟಾಲಿಸ್ ಎಂಬ ಮಾತು ನನ್ನ ಕಿವಿಗೆ ಬಿತ್ತು. ನನಗೆ ಸಮಾಧಾನವಾಯಿತು! ಅದೇ ಮದ್ದು ತಾನೇ, ಇನ್ನು ಕದ್ದು ಕೊಡುವ ಗೋಜಿಲ್ಲ, ಆಸ್ಪತ್ರೆಯವರೇ ಕೊಡುತ್ತಾರೆ, ನಾನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡೆ. ಒಳ್ಳೆಯದಕ್ಕೂ ವಿಷಕ್ಕೂ ನಡುವೆ ಅಂತರ ಕಡಿಮೆ ಎಂಬ ಮಾತು ನೆನಪಿಗೆ ಬಂತು. ಬಂದದ್ದನ್ನು ಪಕ್ಕಕ್ಕೆ ತಳ್ಳಿ, ಅಪ್ಪಯ್ಯನ ಜೊತೆ ಊಟಕ್ಕೆ ಹೋದೆ.

ಮಾರನೆಯ ಬೆಳಿಗ್ಗೆ ನಾವು ಹೋದಾಗ ಅಮ್ಮ ಬಟ್ಟಲು ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ನಿಲ್ಲುತ್ತಿರಲಿಲ್ಲ. ನನ್ನ ಮುಖ ನೋಡಿ, “ನಿನ್ನ ಅಂಗಿ ಯಾಕೆ ಹಳದಿ ಆಗಿದೆ?” ಎಂದಳು. ನಾನು ಹಾಕಿದ್ದು ಬಿಳಿ ಅಂಗಿ. “ಗೋಡೆನೂ ಹಳದಿ ಕಾಣ್ತದೆ. ಅರಿಶಿನ ಬಳಿದ ಹಂಗೆ.” ನಾನು ಅವಳ ಕೈ ಹಿಡಿದು ನಾಡಿ ನೋಡಿದೆ. ನಲವತ್ತನಾಲ್ಕು ಇತ್ತು. ಮತ್ತೆ ಎಣಿಸಿದೆ. ಅಷ್ಟೇ ಇತ್ತು.

ಡಾಕ್ಟರು ಓಡಿ ಬಂದರು. ಮದ್ದು ನಿಲ್ಲಿಸಿ, ಯಂತ್ರವನ್ನು ಮತ್ತೆ ತರಿಸಿ ಇನ್ನೊಂದು ಪಟ್ಟಿ ತೆಗೆಸಿದರು. ಅದು ಒಣಗುವ ಮೊದಲೇ ಕೈಯಲ್ಲಿ ಹಿಡಿದು ಬಂದರು. ಬಡಿತಗಳು ಎರಡೆರಡು ಜೋಡಿಯಾಗಿ ಬಿದ್ದು, ಪ್ರತಿ ಜೋಡಿಯಾದ ಮೇಲೂ ಗೆರೆ ಬಹಳ ದೂರ ಬರಿದಾಗಿ ಸಾಗಿತ್ತು. ಅಪ್ಪಯ್ಯ ಮಂಚದ ತಲೆಯ ಕಡೆ, ನಾನು ಕಾಲ ಕಡೆ ನಿಂತಿದ್ದೆವು.

“ಮೇಷ್ಟ್ರೇ, ಕ್ಷಮಿಸಿ. ನಾನು ನಿನ್ನೆ ಕೊಟ್ಟ ಮದ್ದಿಗೆ ಇಷ್ಟು ಬೇಗ ಹಿಂಗಾಗಲ್ಲ. ಒಳಗೆ ಮೊದಲೇ ಆ ಮದ್ದು ತುಂಬಿದ್ರೆ ಮಾತ್ರ ಆಗ್ತದೆ. ನಿನ್ನೆ ಪಟ್ಟೀಲಿ ಕಂಡಿದ್ದೂ ಕಾಯಿಲೆ ಅಲ್ಲ, ಮದ್ದಿನ ಗುರುತೇ ಇರ್ಬೇಕು. ಯಾರೋ ಇವರಿಗೆ ಡಿಜಿಟಾಲಿಸ್ ಕೊಡ್ತಾ ಇದ್ರು. ಯಾರು?” ಎಂದರು.

ನಾನು ಬಾಯಿ ತೆರೆದೆನೋ ಇಲ್ಲವೋ ನನಗೆ ಈಗಲೂ ಖಚಿತವಿಲ್ಲ. ತೆರೆದಿದ್ದೆ ಎಂದು ಹೇಳಿಕೊಳ್ಳುವುದು ಹಿತವಾಗಿರುತ್ತದೆ. ಅಷ್ಟರಲ್ಲಿ ಅಮ್ಮ ಬಟ್ಟಲಿನಿಂದ ತಲೆಯೆತ್ತಿದಳು.

“ನಾನೇ ತಗೊಳ್ತಿದ್ದೆ. ಡಿಸ್ಪೆನ್ಸರಿಯಿಂದ ತರಿಸ್ಕೊಂಡಿದ್ದೆ. ಇವರಿಗಾಗ್ಲಿ ಮಗನಿಗಾಗ್ಲಿ ಗೊತ್ತಿಲ್ಲ.”

“ಎಷ್ಟು ಹನಿ ಅಮ್ಮಾ?”

“ಐದೋ ಆರೋ.”

ಅಪ್ಪಯ್ಯ ಅಮ್ಮನ ಬೆನ್ನ ಮೇಲೆ ಇಟ್ಟಿದ್ದ ಕೈಯನ್ನು ತೆಗೆದರು. ಕೋಪದಿಂದಲ್ಲ, ಏನು ಮಾಡಬೇಕೆಂದು ತಿಳಿಯದ ಕೈ ತಾನಾಗಿ ಹಿಂದಕ್ಕೆ ಬಂತು. “ಒಂದು ಮಾತು ಹೇಳೋಕಾಗ್ಲಿಲ್ವೇನೇ?” ಎಂದರು. ಅಮ್ಮನಿಗೆ ಮತ್ತೆ ವಾಂತಿ ಬಂತು.

ಡಾಕ್ಟರು ಹೊರಗೆ ಹೋದರು. ನಾನು ಹಿಂದೆಯೇ ಓಡಿ ಮೊಗಸಾಲೆಯ ತುದಿಯಲ್ಲಿ ಅವರನ್ನು ನಿಲ್ಲಿಸಿ, ಜೇಬಿನಿಂದ ಸೀಸೆ ತೆಗೆದು ಅವರ ಕೈಗೆ ಕೊಟ್ಟೆ.

“ಐದಾರು ಹನಿ ಅಲ್ಲ ಸಾರ್. ಬೆಳಿಗ್ಗೆ ಹತ್ತು, ಸಂಜೆ ಹತ್ತು. ಒಂದೂವರೆ ವರ್ಷದಿಂದ. ನಿನ್ನೆ ಬೆಳಿಗ್ಗೆನೂ ಕೊಟ್ಟೆ.”

ಅವರು ಸೀಸೆ ನೋಡಿದರು, ನನ್ನನ್ನು ನೋಡಿದರು. “ನಾನು ಎರಡು ಸಲ ಕೇಳಿದ್ನಲ್ರೀ. ಯಾಕೆ ಕೇಳ್ತಿದ್ದೀನಿ ಅಂತಾನೂ ಹೇಳ್ದೆ.”

“ಹೌದು ಸಾರ್.”

“ನಡೀರಿ, ಇದನ್ನ ಮೇಷ್ಟ್ರ ಮುಂದೆ ಹೇಳಿ.”

“ಆಗಲ್ಲ ಸಾರ್.”

ಅವರು, “ನಿಮ್ಮ ತಾಯಿ ಬದುಕಿದ್ರೆ ಅದು ನಿಮ್ಮಿಂದಲ್ಲ” ಎಂದಷ್ಟೇ ಹೇಳಿ, ಸೀಸೆ ಜೇಬಿಗೆ ಹಾಕಿಕೊಂಡು ಹೋದರು.

ಅಮ್ಮ ಬದುಕಿದಳು. ವಾಂತಿ ನಿಲ್ಲಲು ನಾಲ್ಕು ದಿನ ಹಿಡಿಯಿತು. ಹಳದಿ ಬಣ್ಣ ಕಣ್ಣಿನಿಂದ ಹೋಗಲು ಇನ್ನೂ ಹೆಚ್ಚು ದಿನ ಬೇಕಾಯಿತು. ಮೂರು ವಾರ ಹಾಸಿಗೆಯಲ್ಲೇ ಇಟ್ಟುಕೊಂಡು, ಮದ್ದೆಲ್ಲ ಮೈಯಿಂದ ಇಳಿದ ಮೇಲೆ ಮೂರನೆಯ ಪಟ್ಟಿ ತೆಗೆದರು. ಕೆಳಗೆ ಬಾಗಿದ್ದ ಗೆರೆ ಹೆಚ್ಚುಕಡಿಮೆ ನೆಟ್ಟಗಾಗಿತ್ತು. ಹೃದಯದ ಮಾಂಸ ಅಷ್ಟೇನೂ ಕೆಟ್ಟಿಲ್ಲ, ಕವಾಟದ ತೊಂದರೆ ಮಾತ್ರ ಇದೆ, ಒಂದು ವರ್ಷ ಎಂದು ಹೇಳಿದ ಮಾತನ್ನು ಮರೆತುಬಿಡಿ ಎಂದು ಡಾಕ್ಟರು ಅಪ್ಪಯ್ಯನ ಕೈ ಹಿಡಿದು ಹೇಳಿದರು. ಆದರೆ ಮದ್ದು ಅಳತೆಯಲ್ಲಿ ಬೇಕೇ ಬೇಕು ಎಂದರು.

“ಅದೇ ಸ್ಪಿರಿಟ್ಟಿನ ಮದ್ದಾ?”

“ಬೇಡ ಮೇಷ್ಟ್ರೇ. ಅದು ಮೂಲದಲ್ಲಿ ಒಂದು ಗಿಡದ ಎಲೆ. ಒಣಗಿಸಿ ಪುಡಿ ಮಾಡಿದ ಎಲೆಯ ಗುಳಿಗೆಯೂ ಸಿಗ್ತದೆ. ಅದ್ರಲ್ಲಿ ಸ್ಪಿರಿಟ್ ಇರಲ್ಲ.”

“ಎಲೆಯಾ?” ಎಂದರು ಅಪ್ಪಯ್ಯ. ಆಮೇಲೆ ನನ್ನ ಕಡೆ ತಿರುಗಿ, “ಎಲೆ ಅಂತ ಅವಳು ಒಂದು ಮಾತು ಹೇಳಿದ್ರೆ ನಾನೇ ಅರೆದು ಕೊಡ್ತಿದ್ನಲ್ಲೋ” ಎಂದರು.

ಊರಿಗೆ ಬಂದ ಮೇಲೆ ಅಪ್ಪಯ್ಯ ಲೈನುಗಳಿಗೆ ಹೋಗುವುದನ್ನು ನಿಲ್ಲಿಸಿದರು. ಐದು ಗಂಟೆಗೆ ಛತ್ರಿ ತೆಗೆದುಕೊಳ್ಳದೆ ಜಗಲಿಯಲ್ಲಿ ಕೂತಿರುತ್ತಿದ್ದರು. ಯಾಕೆ ಬರುವುದಿಲ್ಲ ಎಂದು ಕೇಳಲು ಎಸ್ಟೇಟಿನ ಮೇಸ್ತ್ರಿ ಬಂದರೆ, “ವಯಸ್ಸಾಯ್ತು ಮಾರಾಯ” ಎನ್ನುವರು. ಅಮ್ಮನ ಮೇಲೆ ಒಂದು ಬಿರುಮಾತು ಆಡಲಿಲ್ಲ. ಆದರೆ ಅವಳ ಜೊತೆ ಮೊದಲಿನ ಸಲಿಗೆಯ ಮಾತೂ ಇರಲಿಲ್ಲ. ಊಟಕ್ಕೆ ಬಡಿಸುವಾಗ ಸಾಕು, ಬೇಕು ಎನ್ನುವುದು ಬಿಟ್ಟರೆ ಇಬ್ಬರ ನಡುವೆ ದನಿಯೇ ಕೇಳುತ್ತಿರಲಿಲ್ಲ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಹೆಂಡತಿ ತನ್ನಿಂದ ಸೀಸೆ ಬಚ್ಚಿಟ್ಟಳು ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಆ ತುತ್ತನ್ನು ಕೊಟ್ಟವನು ನಾನು. ಅದೇ ಪಂಕ್ತಿಯಲ್ಲಿ ಕೂತು ದಿನವೂ ಉಣ್ಣುತ್ತಿದ್ದೆ.

ಹೀಗೆ ಹತ್ತು ತಿಂಗಳು ಕಳೆದವು. ಒಂದು ದಿನವೂ ಹೇಳಬೇಕೆಂದು ಅನ್ನಿಸಲಿಲ್ಲವೇ ಎಂದರೆ, ದಿನವೂ ಅನ್ನಿಸುತ್ತಿತ್ತು. ಹಾಜರಿ ಹಿಡಿಯುವಾಗ ಬಾಯಲ್ಲಿ ಮಾತು ಜೋಡಿಸಿಕೊಂಡು, ಮೂರು ಮೈಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ಬಿಟ್ಟುಬಿಡುತ್ತಿದ್ದೆ.

ಕಾಫಿ ಹೂ ಬಿಟ್ಟ ಕಾಲ. ಒಂದು ಭಾನುವಾರ ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದವರು ಇದ್ದಕ್ಕಿದ್ದಂತೆ ನನ್ನನ್ನು ಕರೆದರು.

“ನಾನು ಆ ಗಾಡಿಯವನನ್ನ ಅವತ್ತು ಎಲ್ಲರ ಮುಂದೆ ನಿಲ್ಲಿಸಬಾರ್ದಿತ್ತು ಕಣೋ” ಎಂದರು. “ಅದನ್ನ ನಿನ್ನಮ್ಮನೂ ಕೇಳಿರ್ತಾಳೆ. ಎಂಥ ಗಂಡ ನಾನು? ಕಟ್ಕೊಂಡ ಹೆಂಡತಿ ಪ್ರಾಣ ಉಳಿಸ್ಕೊಳ್ಳೋಕೆ ನನಗೆ ಹೆದರಿ ಕದ್ದು ಮದ್ದು ಕುಡೀಬೇಕಾಯ್ತಲ್ಲ. ಊರವರ ಹೆಂಡಂದಿರ ಕಣ್ಣೀರು ಒರೆಸೋಕೆ ಹೋಗಿದ್ದೆ.”

ಅವರು ತಮ್ಮನ್ನೇ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು. ಇನ್ನು ತಡೆಯಲಾಗಲಿಲ್ಲ.

“ಅಮ್ಮ ಕದ್ದು ಕುಡೀಲಿಲ್ಲ ಅಪ್ಪಯ್ಯ. ಸೀಸೆ ತಂದವನು ನಾನು. ನಾನೇ ಕೊಡ್ತಿದ್ದೆ.”

ಅವರು ನನ್ನನ್ನು ನೋಡಿದರು. ಕೇಳಿದ್ದೆಲ್ಲ ಮೇಷ್ಟ್ರ ಪ್ರಶ್ನೆಗಳು, ಒಂದಾದ ಮೇಲೆ ಒಂದು.

“ಡಾಕ್ಟರು ಕೇಳ್ದಾಗ ಇಲ್ಲ ಅಂದ್ಯಲ್ಲ?”

“ಅಂದೆ.”

“ಆಗ ಸೀಸೆ ಎಲ್ಲಿತ್ತು?”

“ನನ್ನ ಜೇಬಲ್ಲಿ.”

“ಒಂದೇ ವರ್ಷ ಅಂದಾಗ?”

“ಆಗಲೂ ಇತ್ತು.”

“ಅವಳು ನಾನೇ ಅಂದಾಗ ನೀನು ಅಲ್ಲೇ ಇದ್ದೆ.”

“ಇದ್ದೆ ಅಪ್ಪಯ್ಯ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದರು. ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಇಬ್ಬರೂ ಜೊತೆಯಲ್ಲಿ ತಿರುಗಿ ಬಂದರು. ಅಮ್ಮನಿಗೆ ಏರು ಹತ್ತುವಾಗ ಆಯಾಸವಾಗದಿರಲೆಂದು ಅಪ್ಪಯ್ಯ ಅವಳ ಮೊಣಕೈ ಹಿಡಿದಿದ್ದರು. ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು, “ಯಾಕೆ ಹೇಳ್ದೆ? ನಾನು ಹೊತ್ಕೊಂಡಿದ್ನಲ್ಲ. ಅವ್ರಿಗೆ ನೀನೊಬ್ಬನೇ ಮಗ” ಎಂದು ಸಿಟ್ಟು ಮಾಡಿದಳು. ಜೀವನದಲ್ಲಿ ಅವಳು ನನ್ನ ಮೇಲೆ ಅಷ್ಟು ಸಿಟ್ಟಾದದ್ದು ಅದೊಂದೇ ಸಲ.

ಮಾರನೆಯ ದಿನದಿಂದ ಗುಳಿಗೆ ಕೊಡುವ ಕೆಲಸವನ್ನು ಅಪ್ಪಯ್ಯ ತಾವೇ ವಹಿಸಿಕೊಂಡರು. ಅಲ್ಲಿಯವರೆಗೂ ಅದನ್ನು ನಾನು ಮಾಡುತ್ತಿದ್ದೆ. ನಾಡಿ ಎಣಿಸಲು ನನ್ನ ಕೈಗಡಿಯಾರ ಕೇಳಿ ಪಡೆದರು, ಎಣಿಸುವುದನ್ನು ನನ್ನಿಂದಲೇ ಕಲಿತರು. ಆದರೆ ಆಮೇಲೆ ಒಂದು ದಿನವೂ ನನ್ನ ಕೈಗೆ ಬಿಡಲಿಲ್ಲ. ಬೆಂಗಳೂರಿನ ಡಾಕ್ಟರಿಗೆ ತಿಂಗಳಿಗೊಮ್ಮೆ ಬರೆಯುವ ಕಾಗದವನ್ನೂ ನನ್ನಿಂದ ಬರೆಸಲಿಲ್ಲ. ಕಣ್ಣು ಮಂಜಾಗಿದ್ದರೂ ದೊಡ್ಡ ದೊಡ್ಡ ಅಕ್ಷರಗಳಲ್ಲಿ ತಾವೇ ಬರೆದರು. ಮಾತಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಊಟವಾಯಿತೇ, ಮಳೆ ಹಿಡಿಯಿತೇ ಎಂದು ಎಂದಿನಂತೆ ಕೇಳುವರು. ಎದೆಯ ಮಾತು, ಮದ್ದಿನ ಮಾತು ಬಂದಾಗ ಮಾತ್ರ ನಾನು ಆ ಮನೆಯಲ್ಲಿ ಇಲ್ಲದವನಾಗಿದ್ದೆ. ನನಗೆ ಆದ ಶಿಕ್ಷೆ ಅದು. ಹೆಚ್ಚಾಯಿತು ಎಂದು ನಾನು ಎಂದೂ ಅಂದುಕೊಂಡಿಲ್ಲ.

ಅಮ್ಮ ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಬದುಕಿದಳು. ಯುದ್ಧ ಮುಗಿದದ್ದನ್ನು ಕಂಡಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಕಂಬಕ್ಕೆ ಒರಗಿ ಕೂತವಳು ಹಾಗೆಯೇ ಹೋದಳು. ಅಪ್ಪಯ್ಯ ಅವಳ ಮಣಿಕಟ್ಟನ್ನು ಹಿಡಿದುಕೊಂಡೇ ಕೂತಿದ್ದರು. ನಾನು ಎಸ್ಟೇಟಿನಿಂದ ಓಡಿ ಬಂದಾಗಲೂ ಬಿಟ್ಟಿರಲಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಅಪ್ಪಯ್ಯ ಮತ್ತೆ ಛತ್ರಿ ಹಿಡಿದು ಲೈನುಗಳಿಗೆ ಹೊರಟರು. ನಡೆಯುವುದು ಕಷ್ಟವಾಗಿದ್ದರಿಂದ ನಾನು ಜೊತೆಗೆ ಹೋಗುತ್ತಿದ್ದೆ. ಈಗ ಅವರು ಯಾರನ್ನೂ ಎಬ್ಬಿಸಿ ನಿಲ್ಲಿಸುತ್ತಿರಲಿಲ್ಲ. ಮೊದಲು ತಮ್ಮ ಕಥೆಯನ್ನೇ ಹೇಳುವರು. ನನ್ನ ಮನೆಯಲ್ಲೂ ಸೀಸೆ ಇತ್ತು, ನನಗೆ ಹೆದರಿ ಬಚ್ಚಿಟ್ಟರು, ಆ ಹೆದರಿಕೆಯಿಂದ ನನ್ನ ಹೆಂಡತಿ ಸಾಯುವವರೆಗೂ ಹೋಗಿ ಬಂದಳು, ಆದ್ದರಿಂದ ಮುಚ್ಚಿಡಬೇಡಿ, ತಪ್ಪಿದರೆ ಬಂದು ಹೇಳಿ, ನಾನು ಬೈಯುವುದಿಲ್ಲ ಎನ್ನುವರು.

ಒಮ್ಮೆ ಹೆಂಗಸೊಬ್ಬಳು, “ಬಚ್ಚಿಟ್ಟೋರು ಯಾರು ಮೇಷ್ಟ್ರೇ?” ಎಂದು ಕೇಳಿದಳು.

ನಾನು ಅವರ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

“ಅದೆಲ್ಲ ಎಂತಕ್ಕೆ ತಾಯಿ? ಹೆದರಿಸಿದವನು ನಾನು” ಎಂದು ಅಪ್ಪಯ್ಯ ಮಾತು ಮುಂದುವರಿಸಿದರು. ನಾಲ್ಕು ಹೆಜ್ಜೆ ಮುಂದೆ ಬಂದು, ನಾನು ಎಂದು ಹೇಳಬಹುದಿತ್ತು. ಅಲ್ಲಿದ್ದವರು ನನ್ನನ್ನೇನೂ ಮಾಡುತ್ತಿರಲಿಲ್ಲ. ನಾನು ಹೇಳಲಿಲ್ಲ. ಅವರ ಮಾತು ಮುಗಿಯುವವರೆಗೂ ನಿಂತಿದ್ದು, ಆಮೇಲೆ ಕೈ ಹಿಡಿದು ಇಳಿಜಾರಿನಲ್ಲಿ ನಿಧಾನವಾಗಿ ಮನೆಗೆ ಕರೆದುಕೊಂಡು ಬಂದೆ.